ತೆರೇಸ್ ಯಾರ ಮಗಳು?

ಬನಶಂಕರಿ

ನಮ್ಮ ಅತ್ತಿಗೆಗೆ ಎರಡು ಹೆಸರು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ, ಫ್ರೆಂಚ್ ಮಾತನಾಡುವ ಒಂದು ಹಳ್ಳಿಯಲ್ಲಿ ಹುಟ್ಟಿದಾಗ ಇಟ್ಟದ್ದು ತೆರೇಸ್. ನಮ್ಮಣ್ಣನನ್ನು ಮದುವೆಯಾದ ದಿನ ನಮ್ಮಮ್ಮ ತಟ್ಟೆಯಲ್ಲಿ ಅಕ್ಕಿ ಹರಡಿ ಉಂಗುರದಿಂದ ಬರೆಸಿದ್ದು ಶಾರದಾ. ಬೆಂಗಳೂರಿಗೆ ನರ್ಸಾಗಿ ಬಂದ ಬಿಳೀ ಹುಡುಗಿ, ಅದೇ ಆಸ್ಪತ್ರೆಯಲ್ಲಿ ಲೆಕ್ಕ ಬರೆಯುತ್ತಿದ್ದ ನಮ್ಮಣ್ಣ ಮಾಧವ. ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ. ಅಮ್ಮ ಮೊದಮೊದಲು ಅತ್ತಳು. ಆಮೇಲೆ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹುಳಿಗೆ ಬೇಳೆ ಎಷ್ಟು ಬೇಯಬೇಕು ಎನ್ನುವಲ್ಲಿಂದ ಶುರುಮಾಡಿ ಕನ್ನಡ ಕಲಿಸಿದಳು. ಹಾಗಾಗಿ ಅತ್ತಿಗೆಯ ಕನ್ನಡ ಇವತ್ತಿಗೂ ನಮ್ಮಮ್ಮನ ಕನ್ನಡ. ಫೋನಿನಲ್ಲಿ ಕೇಳಿದರೆ ಅಮ್ಮನೇ ಎದ್ದು ಬಂದಳೇನೋ ಅನ್ನಿಸುತ್ತದೆ.

ಅಣ್ಣ ಎಲ್ಲರೆದುರು ಅವರನ್ನು ‘ಏ, ಇಲ್ಲಿ ಕೇಳು’ ಎನ್ನುತ್ತಿದ್ದ. ಬಾಗಿಲು ಮುಚ್ಚಿದ ಮೇಲೆ ಮಾತ್ರ ‘ತೆರೇಸ್’. ಅದು ಇಡೀ ಮನೆಗೆ ಗೊತ್ತಿದ್ದ ಗುಟ್ಟು. ಅಣ್ಣ ಹೋದ. ಆ ಕಡೆ ಕೆನಡಾದಲ್ಲಿ ಅತ್ತಿಗೆಯ ತಮ್ಮನೊಬ್ಬನಿದ್ದ, ಭಾನುವಾರ ಭಾನುವಾರ ಫೋನ್ ಮಾಡುತ್ತಿದ್ದ. ಅವನೂ ಹೋದ. ಆ ಸುದ್ದಿ ಬಂದ ಮೇಲೆ ಒಂದು ಬೆಳಗ್ಗೆ ಅವರೆಕಾಯಿ ಸುಲಿಯುತ್ತ ಕೂತಿದ್ದೆವು. ಅತ್ತಿಗೆ ಕಾಳು ಸುಲಿಯುವುದನ್ನು ನಿಲ್ಲಿಸದೆ ಹೇಳಿದರು:

“ವನಜಾ, ಇನ್ನು ನನ್ನನ್ನ ತೆರೇಸ್ ಅಂತ ಕರೆಯೋರು ಭೂಮಿ ಮೇಲೆ ಒಬ್ಬರೂ ಇಲ್ಲ ಕಣೇ.”

“ಯಾಕಿಲ್ಲ? ನಿಮ್ಮೂರಲ್ಲಿ ಯಾರಾದ್ರೂ ಇದ್ದೇ ಇರ್ತಾರೆ.”

“ನಮ್ಮೂರಲ್ಲಿ ಬರೀ ತೆರೇಸ್ ಅಂದ್ರೆ ಆಗಲ್ವೇ. ಓಣಿಗೊಬ್ಬಳು ತೆರೇಸ್. ಅದಕ್ಕೆ ಅಪ್ಪನ ಹೆಸರು, ತಾತನ ಹೆಸರು ಸೇರಿಸಿ ಕೂಗೋದು. ತೆರೇಸ್ ಆ ಲ್ಯೂಸಿಯೆನ್ ಆ ಒನೆಜಿಮ್. ಒನೆಜಿಮನ ಮಗ ಲ್ಯೂಸಿಯೆನ್, ಅವನ ಮಗಳು ತೆರೇಸ್. ಹಾಗೆ ಕೂಗಿದ್ರೆ ಊರಿಗೂರಲ್ಲಿ ನಾನೊಬ್ಬಳೇ ತಿರುಗಿ ನೋಡೋದು.”

ಹೇಳುವಾಗ ಕೊನೆಯ ಹೆಸರನ್ನು ಸ್ವಲ್ಪ ಎಳೆದರು, ಸಂಜೆ ಯಾರೋ ಅಂಗಳದಿಂದ ಕೂಗಿದ ಹಾಗೆ. ಅವರ ಮಗಳು ಜೆ.ಪಿ. ನಗರದಲ್ಲಿದ್ದಾಳೆ. ಅವಳಿಗೆ ನಾನೇ ಫೋನ್ ಮಾಡಿದೆ. “ನಿಮ್ಮಮ್ಮನ್ನ ಒಂದು ಸಲ ಅವರೂರಿಗೆ ಕರ್ಕೊಂಡು ಹೋಗ್ಬರ್ತೀನಿ ಕಣೆ. ಅವರನ್ನ ಹೆಸರು ಹಿಡಿದು ಕರೆಯೋರು ಒಬ್ಬರಾದ್ರೂ ಸಿಗಬೇಕು.” ಅವಳು, “ಅತ್ತೆ, ಕಾಶಿಗೇ ಹೋಗಿಲ್ಲ ನೀವು!” ಎಂದು ನಕ್ಕಳು. ಆದರೆ ಅವತ್ತೇ ಟಿಕೆಟ್ ನೋಡಲು ಕೂತಳು.

ಮಾಂಟ್ರಿಯಲ್

ಇಳಿದ ತಕ್ಷಣ ಮರ್ಯಾದೆ ಸಿಕ್ಕಿದ್ದು ನನಗೆ. ಕೌಂಟರಿನಲ್ಲಿ ಕೂತಿದ್ದ ಹುಡುಗ ಪಾಸ್‌ಪೋರ್ಟ್ ನೋಡಿ, “ಮದಾಮ್ ಗೊತ್ತಿಗೇರ್!” ಎಂದು ಕರೆದ. ಯಾರೂ ಏಳಲಿಲ್ಲ. ಮತ್ತೆ ಕರೆದ. ನಾನೂ ಸುತ್ತ ನೋಡಿದೆ, ಯಾರಪ್ಪ ಆ ಪುಣ್ಯಾತ್ಗಿತ್ತಿ ಎಂದು. ಅತ್ತಿಗೆ ತಿವಿದರು.

ನನ್ನ ಇನಿಷಿಯಲ್ಲಿನ ‘ಜಿ’ಯನ್ನು ಬಿಡಿಸಿ ಬರೆದರೆ ಗೊಟ್ಟಿಗೆರೆ. ನಮ್ಮ ತಾತ ಆ ಊರು ಬಿಟ್ಟು ಪೇಟೆಗೆ ಬಂದಾಗ ಅಲ್ಲಿ ಕೆರೆ, ರಾಗಿ ಹೊಲ, ನಾಲ್ಕು ಬೀದಿ. ಈಗ ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಬಸ್ಸಿನ ಬೋರ್ಡು ನೋಡಿದಾಗ ಮಾತ್ರ ಅದು ನಮ್ಮೂರು ಎನ್ನುವುದು ನೆನಪಾಗುತ್ತದೆ. ನಾನು ಅಲ್ಲಿ ಒಂದು ದಿನವೂ ಇದ್ದವಳಲ್ಲ. ಆದರೆ ಈ ದೇಶದಲ್ಲಿ ಇದ್ದಷ್ಟು ದಿನವೂ ನಾನು ಶ್ರೀಮತಿ ಗೊಟ್ಟಿಗೆರೆ.

“ನೋಡಿದ್ಯಾ, ನಿಮ್ಮೂರು ನಿನಗಿಂತ ಮೊದಲೇ ಇಳೀತು,” ಎಂದು ಅತ್ತಿಗೆ ನಕ್ಕರು.

ಆ ನಗು ಹೋಟೆಲಿನ ತನಕ ಮಾತ್ರ ಉಳಿಯಿತು. ಅಲ್ಲಿದ್ದ ಹುಡುಗಿಯೊಡನೆ ಅತ್ತಿಗೆ ಆಸೆಯಿಂದ ಫ್ರೆಂಚಿನಲ್ಲಿ ಮಾತು ತೆಗೆದರು. ಆ ಹುಡುಗಿ ಬಹಳ ನಯವಾಗಿ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಅತ್ತಿಗೆ ಮತ್ತೆ ಫ್ರೆಂಚು, ಅವಳು ಮತ್ತೆ ಇಂಗ್ಲಿಷು. ಕೊನೆಗೆ ಅವಳು ಏನೋ ಕೇಳಿದಳು, ಅತ್ತಿಗೆಯ ಮುಖ ಚಿಕ್ಕದಾಯಿತು.

“ಏನಂತೆ?”

“ಫ್ರೆಂಚ್ ಎಷ್ಟು ಚೆನ್ನಾಗಿ ಕಲ್ತಿದ್ದೀರಿ, ನಿಮ್ಮದು ಯಾವ ದೇಶ ಅಂತಾಳೆ.”

ತಪ್ಪು ಅವಳದಲ್ಲ. ಅತ್ತಿಗೆ ಮೈಸೂರು ಸಿಲ್ಕ್ ಉಟ್ಟು, ಕುಂಕುಮ ಇಟ್ಟುಕೊಂಡು ನಿಂತಿದ್ದರು. ಅಣ್ಣ ಹೋದ ಮೇಲೂ ಮಗಳು ಹಟಮಾಡಿ ಇಡಿಸುತ್ತಿದ್ದ ಕುಂಕುಮ ಅದು. ಜೊತೆಗೆ ಅವರ ಫ್ರೆಂಚು, ಅವರು ಊರು ಬಿಟ್ಟ ಕಾಲದ ಹಳ್ಳಿಯ ಫ್ರೆಂಚು. ಪೆಟ್ಟಿಗೆಯಲ್ಲಿ ಮಡಿಸಿಟ್ಟು ಹೋದ ಹಾಗೇ ಇತ್ತು. ಇಲ್ಲಿಯವರದು ಅಷ್ಟರಲ್ಲಿ ಎಷ್ಟೋ ಮುಂದೆ ಹೋಗಿಬಿಟ್ಟಿತ್ತು.

ಆ ಸಂಜೆ ನನಗೂ ಒಂದು ಪೆಟ್ಟು ಬಿತ್ತು. ಬಟಾಣಿ ಸೂಪು ಎಂದು ತಂದಿಟ್ಟರು. ಹಳದಿ ಬಟಾಣಿ, ಹದವಾಗಿ ಬೆಂದು, ನಮ್ಮ ತೊವ್ವೆಯ ಹಾಗೇ ಇತ್ತು. ಮೊದಲ ಚಮಚ ಬಾಯಿಯ ಹತ್ತಿರ ಹೋಗುವಷ್ಟರಲ್ಲಿ ಅತ್ತಿಗೆ ಕೈ ಹಿಡಿದರು. “ತಡಿಯೇ! ಅದರಲ್ಲಿ ಹಂದಿ ಇರುತ್ತೆ.” ಬಟಾಣಿಯೊಳಗೆ ಹಂದಿಯನ್ನು ಯಾವ ಪುಣ್ಯಾತ್ಮ ಬಿಟ್ಟನೋ. ನಾನು ಬ್ರೆಡ್ಡಿನ ಮೇಲೆ ಮೇಪಲ್ ಮರದ ಪಾಕ ಸುರಿದುಕೊಂಡು ತಿಂದೆ. ಜೋನಿಬೆಲ್ಲದ ತಮ್ಮ ಅದು, ಸ್ವಲ್ಪ ಹೊಗೆಯ ವಾಸನೆ. ಅತ್ತಿಗೆ ಆ ಸೂಪನ್ನು ಮುಟ್ಟಲಿಲ್ಲ. ಮದುವೆಯಾದ ಮೇಲೆ ಮಾಂಸ ಬಿಟ್ಟವರು. ಆದರೆ ಬಟ್ಟಲನ್ನು ಹತ್ತಿರ ಎಳೆದುಕೊಂಡು, ಆವಿ ಆರುವ ತನಕ ಮುಖವನ್ನು ಅದರ ಮೇಲೆ ಬಗ್ಗಿಸಿಕೊಂಡು ಕೂತಿದ್ದರು.

ಕ್ವಿಬೆಕ್ ನಗರ

ಇಲ್ಲಿ ವಂಶ ಹುಡುಕುವುದು ಒಂದು ಊರಹಬ್ಬದ ಹಾಗೆ. ನಿವೃತ್ತರಾದವರೆಲ್ಲ ಜಯನಗರದ ಪಾರ್ಕಿನಲ್ಲಿ ವಾಕಿಂಗ್ ಮಾಡಿದಷ್ಟೇ ಉತ್ಸಾಹದಿಂದ ತಮ್ಮ ಮುತ್ತಜ್ಜನ ಮುತ್ತಜ್ಜನನ್ನು ಹುಡುಕುತ್ತಿರುತ್ತಾರೆ. ಚರ್ಚುಗಳಲ್ಲಿ ಹಿಂದಿನಿಂದಲೂ ಎಲ್ಲವನ್ನೂ ಬರೆದಿಟ್ಟಿದ್ದಾರಂತೆ. ಯಾರಾದರೂ ಕಂಡಾರು ಎಂಬ ಆಸೆಯಿಂದ ನಾವೂ ಅಂಥ ದಾಖಲೆಗಳಿರುವ ಒಂದು ಕೋಣೆಗೆ ಹೋದೆವು. ಅಲ್ಲಿದ್ದ ಹೆಂಗಸು, ಕನ್ನಡಕವನ್ನು ತಲೆಗೇರಿಸಿಕೊಂಡವಳು, ಅತ್ತಿಗೆಯನ್ನು ಕಂಡು ಹುರುಪಿನಿಂದ ಎದ್ದಳು.

ಅವಳು ಹೇಳಿದ್ದನ್ನು ಅತ್ತಿಗೆ ನನಗೆ ಕನ್ನಡದಲ್ಲಿ ಹೇಳುತ್ತ ಹೋದರು. ಹುಡುಗಿ ಹುಟ್ಟಿದರೆ ಮೊದಲ ಹೆಸರು ಮರಿ, ಹುಡುಗನಾದರೆ ಜೋಸೆಫ್. ಏಸುವಿನ ತಾಯಿ ತಂದೆಯರ ಹೆಸರು. ಅದರ ಮುಂದೆ ದೀಕ್ಷಾಸ್ನಾನದ ಹೊತ್ತು ಮಗುವನ್ನು ಹಿಡಿದ ಧರ್ಮತಾಯಿಯದೋ ಧರ್ಮತಂದೆಯದೋ ಒಂದು. ಕೊನೆಯಲ್ಲಿ ಬರುವುದೇ ಕರೆಯುವ ಹೆಸರು. ಒಂದು ಮನೆಯಲ್ಲಿ ಏಳೆಂಟು ಹೆಣ್ಣುಮಕ್ಕಳಿದ್ದರೆ ಎಲ್ಲರೂ ಮರಿಯರೇ.

“ಅಯ್ಯೋ, ನಮ್ಮ ಪುಟ್ಟಮ್ಮ ಚಿಕ್ಕಮ್ಮ ದೊಡ್ಡಮ್ಮಗಳ ಹಾಗೆ,” ಎಂದೆ.

“ಹೂಂ. ನಾನೂ ಮರಿ ಸಿಮೋನ್ ತೆರೇಸ್,” ಎಂದರು ಅತ್ತಿಗೆ. “ಪಕ್ಕದ ಅಂಗಡಿ ಸಿಮೋನ್ ನನ್ನನ್ನ ಚರ್ಚಿನಲ್ಲಿ ಎತ್ತಿಕೊಂಡಿದ್ದಳಂತೆ. ಆಗ ಅವಳಿಗೆ ಇನ್ನೂ ಮದುವೆ ಆಗಿರಲಿಲ್ಲ.”

ಆಮೇಲೆ ಬಂದದ್ದು ಅಡ್ಡಹೆಸರುಗಳ ಸಂತೆ. ಹಳೆಯ ಕಾಲದಲ್ಲಿ ಫ್ರಾನ್ಸಿನಿಂದ ಬಂದ ಸಿಪಾಯಿಗಳಿಗೆಲ್ಲ ಒಂದೊಂದು ಅಡ್ಡಹೆಸರು. ಒಬ್ಬ ‘ಹೂವು’, ಒಬ್ಬ ‘ಚಿಂತೆಯಿಲ್ಲದವ’, ಇನ್ನೊಬ್ಬ ‘ಸಿಹಿ’. ಮನೆತನದ ಹೆಸರಿನ ಮುಂದೆ ‘ದಿ’ ಎಂದು ಹಾಕಿ ಅದನ್ನು ಅಂಟಿಸುವುದು. ‘ಹಾಗೆನ್ನಿಸಿಕೊಂಡವನು’ ಎಂದು ಅರ್ಥ. ಕಾಲಾಂತರದಲ್ಲಿ ಅಣ್ಣನ ಮಕ್ಕಳು ಮನೆತನದ ಹೆಸರು ಇಟ್ಟುಕೊಂಡರೆ ತಮ್ಮನ ಮಕ್ಕಳು ಅಡ್ಡಹೆಸರು ಇಟ್ಟುಕೊಂಡರು. ಇದನ್ನು ಕೇಳಿ ನನಗೆ ನಮ್ಮ ಮಹಡಿಯ ಬಾಡಿಗೆಯ ಹುಡುಗ ನೆನಪಾದ. ಗದಗದ ಕಡೆಯವನು, ಅಡ್ಡಹೆಸರು ಉಳ್ಳಾಗಡ್ಡಿ, ಅಂದರೆ ಈರುಳ್ಳಿ. ಅವನನ್ನು ನೋಡಲು ಬರುವ ಗೆಳೆಯ ಮೆಣಸಿನಕಾಯಿ. ಇಬ್ಬರೂ ಮೆಟ್ಟಿಲು ಹತ್ತುವಾಗ, “ಒಗ್ಗರಣೆ ಹೊರಟಿತು,” ಎಂದು ನಾನು ನಗಾಡುತ್ತಿದ್ದೆ. ಇಲ್ಲಿ ನೋಡಿದರೆ ಇವರದೂ ಅದೇ ಸಂತೆ.

ಅತ್ತಿಗೆಯದು ಗಾನ್ಯೋಂ ದಿ ಬೆಲ್‌ರೀವ್. ಬೆಲ್‌ರೀವ್ ಎಂದರೆ ಚೆಲುವಾದ ನದೀದಂಡೆ. ಆ ಹೆಂಗಸು ತಂದೆ, ತಾತ, ಮುತ್ತಾತ ಎಂದು ಹತ್ತುತ್ತ ಹತ್ತುತ್ತ ಹಡಗಿನಿಂದ ಇಳಿದ ಮೊದಲ ಗಾನ್ಯೋಂ ತನಕ ಹೋಗಿ, ಬೀಸಣಿಗೆಯಂತೆ ಬಿಡಿಸಿದ ವಂಶಾವಳಿಯ ಚಿತ್ರವನ್ನು ಕೈಗಿಟ್ಟಳು. ಅವಳ ಕಣ್ಣಲ್ಲಿ ನೀರು. ನಾನೂ ಕಣ್ಣೊರೆಸಿಕೊಂಡೆ. ನಮ್ಮ ಮನೆಯಲ್ಲಿ ಶ್ರಾದ್ಧಕ್ಕೆ ಮೂರು ತಲೆಮಾರು ಹೇಳುವಷ್ಟರಲ್ಲಿ ಪುರೋಹಿತರಿಗೆ ಒಂದು ಸಲವಾದರೂ ಕೆಮ್ಮು ಬರುತ್ತದೆ.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ಅತ್ತಿಗೆ ಆ ಕಾಗದವನ್ನು ಮಡಿಸಿ ನನ್ನ ಚೀಲಕ್ಕೆ ಹಾಕಿದರು.

“ಸಂತೋಷ ಆಗ್ಲಿಲ್ವಾ?”

“ಆಯ್ತು. ಇವರೆಲ್ಲ ನನಗೆ ಗೊತ್ತಾದ್ರು. ಇವರಲ್ಲಿ ಯಾರಿಗೂ ನಾನು ಗೊತ್ತಿಲ್ಲವಲ್ಲೇ,” ಎಂದರು.

ನದಿಯ ದಂಡೆಯ ಊರು

ಅತ್ತಿಗೆಯ ಊರಿನ ಬಸ್ಸು ನದಿಯ ಪಕ್ಕದಲ್ಲೇ ಹೋಗುತ್ತದೆ. ನದಿ ಎಂದರೆ ಆಚೆ ದಡದ ಬೆಟ್ಟಗಳು ನೀಲಿ ಗೆರೆಯಷ್ಟೇ ಕಾಣುವ ನದಿ. ಅದಕ್ಕೆ ಉಬ್ಬರ ಇಳಿತ ಬೇರೆ ಉಂಟು. ಊರಿನವರು ಅದನ್ನು ನದಿ ಎನ್ನುವುದೇ ಇಲ್ಲ, ಸಮುದ್ರ ಎನ್ನುತ್ತಾರೆ. ನಾವು ಮಡಿವಾಳದ ಕೆರೆಯನ್ನು ಕೆರೆ ಎನ್ನಲು ಹಿಂದೆಮುಂದೆ ನೋಡುತ್ತೇವೆ. ಇವರಿಗೆ ನೀರಿನ ಮೇಲೆ ಎಷ್ಟು ಧಾರಾಳ.

ಅತ್ತಿಗೆಯ ಮನೆ ಹಾಗೇ ಇತ್ತು, ನೀಲಿ ಬಣ್ಣ ಬಳಿದುಕೊಂಡು. ಯಾರೋ ಕೊಂಡವರು ಚೆನ್ನಾಗಿ ಇಟ್ಟುಕೊಂಡಿದ್ದರು. ಪಕ್ಕದ ಅಂಗಡಿಯ ಬಾಗಿಲಿಗೆ ಹಲಗೆ ಹೊಡೆದಿತ್ತು. ಅತ್ತಿಗೆ ರಸ್ತೆಯ ಈಚೆಯೇ ನಿಂತರು. “ಒಳಗೆ ಹೋಗಿ ಕೇಳೋಣ?” ಎಂದೆ. “ಬೇಡ. ಬಾಗಿಲು ತೆಗೆದೋರು ‘ಯಾರು ನೀವು’ ಅಂದ್ರೆ ನಾನೇನು ಹೇಳ್ಲಿ?”

ಅಲ್ಲಿಂದ ಚರ್ಚಿನ ಹಿಂದಿನ ಸ್ಮಶಾನಕ್ಕೆ ಹೋದೆವು. ಸ್ಮಶಾನ ಎಂದರೆ ನಮ್ಮ ಬನಶಂಕರಿಯದಲ್ಲ. ಹುಲ್ಲು ಕತ್ತರಿಸಿದ ತೋಟ. ಅಲ್ಲಿ ನನಗೆ ಒಂದು ಆಶ್ಚರ್ಯ ಕಾದಿತ್ತು. ಗಂಡನ ಪಕ್ಕದಲ್ಲಿ ಮಲಗಿದ ಹೆಂಡತಿಯ ಕಲ್ಲಿನ ಮೇಲೂ ಅವಳ ತವರಿನ ಹೆಸರೇ! ಮದುವೆಯಾಗಿ, ಹನ್ನೆರಡು ಹೆತ್ತು, ಸತ್ತು ಮಣ್ಣಾದರೂ ಅವಳು ಅವಳಪ್ಪನ ಮನೆಯವಳೇ. ಚರ್ಚಿನವರು ಹುಟ್ಟಿದಾಗಿನಿಂದ ಸಾಯುವ ತನಕ ಹೆಂಗಸನ್ನು ಹಾಗೆಯೇ ಬರೆಯುವುದಂತೆ.

ನಮ್ಮಮ್ಮನ ಹುಟ್ಟುಹೆಸರು ನನಗೆ ತಿಳಿದದ್ದು ಅವಳ ಅಣ್ಣ ಯಾವಾಗಲೋ ಬಾಯಿತಪ್ಪಿ ಕರೆದಾಗ. ಸಾಯುವವರೆಗೂ ಹೆಂಗಸಿನ ಹೆಸರನ್ನು ಮುಟ್ಟದ ಊರಿನಿಂದ ಬಂದ ಹುಡುಗಿಯ ಹೆಸರನ್ನು ನಾವು ಒಂದು ಹಿಡಿ ಅಕ್ಕಿಯಲ್ಲಿ ಅಳಿಸಿಬಿಟ್ಟೆವಲ್ಲ ಎನ್ನಿಸಿ, “ಅಮ್ಮ ಹೆಸರು ಬದಲಾಯಿಸಿದಾಗ ನಿಮಗೆ ಬೇಜಾರಾಗ್ಲಿಲ್ವಾ ಅತ್ತಿಗೆ?” ಎಂದು ಕೇಳಿದೆ.

“ಇಲ್ಲ ಕಣೇ. ನಿಮ್ಮಮ್ಮ ಕೊಟ್ಟಿದ್ದು ಅಂದ್ಕೊಂಡೆ. ಹಳೇದು ಎಲ್ಲಿಗೆ ಹೋಗುತ್ತೆ, ಊರಲ್ಲಿ ಇದ್ದೇ ಇರುತ್ತಲ್ಲ, ಬೇಕಾದಾಗ ಹೋಗಿ ತಗೊಂಡ್ರಾಯ್ತು ಅಂತ.”

ಅಲ್ಲಿ ಹುಲ್ಲು ಕತ್ತರಿಸುತ್ತಿದ್ದ ಗಂಡಸು ಮಿಷನ್ ನಿಲ್ಲಿಸಿ ನಮ್ಮ ಕಡೆ ಬಂದ. ಐವತ್ತರ ಆಸುಪಾಸು, ಕೆಂಪು ಟೋಪಿ. ಅತ್ತಿಗೆಯನ್ನು ಏನೋ ಕೇಳಿದ. ಅತ್ತಿಗೆ ಥಟ್ಟನೆ ನೆಟ್ಟಗೆ ನಿಂತು ಉತ್ತರ ಕೊಟ್ಟರು. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. ಅತ್ತಿಗೆ ಬಾಯಿಗೆ ಕೈ ಅಡ್ಡಹಿಡಿದುಕೊಂಡರು.

“ಏನಾಯ್ತು?”

“ನೀನು ಯಾರ ಮಗಳು ಅಂದ. ನಾನು ‘ಮಿಸೆಸ್ ಮಾಧವರಾವ್’ ಅಂದುಬಿಟ್ಟೆ!”

“ಅದಕ್ಕೆ ಏನಂದ?”

“ಈ ಊರಲ್ಲಿ ಮಾಧವರಾಯರ ಮನೆ ಇಲ್ಲವಲ್ಲ ಅಂತಾನೆ.”

ನಗು ತಡೆಯಲಾಗದೆ ನಾನು ಯಾರದೋ ಕಲ್ಲಿಗೆ ಒರಗಿದೆ. ಬ್ಯಾಂಕಿನಲ್ಲಿ, ರೇಷನ್ ಅಂಗಡಿಯಲ್ಲಿ, ಗ್ಯಾಸಿನವನಿಗೆ, ಒಂದು ಜನ್ಮವಿಡೀ ಹೇಳಿದ ಉತ್ತರ. ಬಾಯಿ ತನ್ನಷ್ಟಕ್ಕೆ ತಾನೇ ಹೇಳಿಬಿಟ್ಟಿತ್ತು. ಅತ್ತಿಗೆ ಸುಧಾರಿಸಿಕೊಂಡು, ಈ ಸಲ ನಿಧಾನವಾಗಿ, ಪಾಠ ಒಪ್ಪಿಸುವ ಹುಡುಗಿಯ ಹಾಗೆ ಮೂರು ಹೆಸರನ್ನೂ ಹೇಳಿದರು. ಅವನ ಮುಖ ಅರಳಿತು. ಒನೆಜಿಮನ ಮಗ ಲ್ಯೂಸಿಯೆನ್ನನ ಬಗ್ಗೆ ಕೇಳಿದ್ದನಂತೆ. ಹಾವುಮೀನು ಹಿಡಿಯುವುದರಲ್ಲಿ ಎತ್ತಿದ ಕೈಯಂತೆ. ಆದರೆ ತೆರೇಸ್? ಇಲ್ಲ. ಅವನು ಹುಟ್ಟುವ ಹೊತ್ತಿಗೆ ಅತ್ತಿಗೆ ನರ್ಸಿಂಗ್ ಓದಲು ಊರು ಬಿಟ್ಟಾಗಿತ್ತು.

“ನಿನ್ನನ್ನ ಬಲ್ಲವರು ಅಂದ್ರೆ ಇನ್ನು ಸಿಮೋನ್ ಒಬ್ಬಳೇ,” ಎಂದನಂತೆ. “ಅಂಗಡಿ ಸಿಮೋನ್. ವೃದ್ಧಾಶ್ರಮದಲ್ಲಿದ್ದಾಳೆ. ನೆನಪು ಬರುತ್ತೆ, ಹೋಗುತ್ತೆ. ನಾಳೆ ನಾನೇ ಕರ್ಕೊಂಡು ಹೋಗ್ತೀನಿ, ಬಾ.”

ವಯಸ್ಸಾದವರಿಗೂ ಗುರುತಿಲ್ಲದವರಿಗೂ ಇಲ್ಲಿ ‘ನೀನು’ ಎಂದೇ ಮಾತಾಡಿಸುವುದು. ನಮ್ಮ ಕಡೆ ಹೀಗೆ ಮಾತಾಡಿದರೆ ಜಗಳವಾಗುತ್ತದೆ. ಅತ್ತಿಗೆ ಮಾತ್ರ ದಾರಿಯುದ್ದಕ್ಕೂ, “‘ಬಾ’ ಅಂದ ನೋಡು, ‘ಬಾ’ ಅಂದ,” ಎನ್ನುತ್ತಿದ್ದರು.

ಸಿಮೋನಮ್ಮನ ಕೋಣೆ

ಕಿಟಕಿಯಾಚೆ ನೀರು, ಈಚೆ ಗಾಲಿಕುರ್ಚಿ. ಸಿಮೋನಮ್ಮ ಒಣಗಿದ ಶುಂಠಿಯಷ್ಟು ಚಿಕ್ಕ ಮುದುಕಿ. ಅತ್ತಿಗೆ ಅವರ ಮುಂದೆ ಮಂಡಿಯೂರಿ ಕೂತರು. ಮುದುಕಿ ಸೀರೆಯ ಅಂಚು ಮುಟ್ಟಿ ನೋಡಿತು, ಕುಂಕುಮ ನೋಡಿತು, ಆಮೇಲೆ ಇಲ್ಲಿಯವರೆಲ್ಲ ಕೇಳುವ ಪ್ರಶ್ನೆ ಕೇಳಿತು. ಅಷ್ಟು ಹೊತ್ತಿಗೆ ನನಗೂ ಅದು ಅರ್ಥವಾಗುತ್ತಿತ್ತು. ಯಾರ ಮಗಳು ನೀನು?

ಅತ್ತಿಗೆ ಹೇಳಿದರು.

ಮುದುಕಿ ಒಮ್ಮೆಲೇ ಬೆರಳೆತ್ತಿ ಗದರಿತು. ಇಷ್ಟು ಚಿಕ್ಕ ದೇಹದಿಂದ ಆ ದನಿ ಹೇಗೆ ಬಂತೋ! “ತೆರೇಸ್ ಆ ಲ್ಯೂಸಿಯೆನ್ ಆ ಒನೆಜಿಮ್!” ಎಂದು ಶುರುವಾದದ್ದು ನಿಲ್ಲಲೇ ಇಲ್ಲ. ಅತ್ತಿಗೆ ನಗುತ್ತಿದ್ದರು, ಅಳುತ್ತಿದ್ದರು.

“ಏನಂತಾರೆ ಅತ್ತಿಗೆ, ಬೈತಿದ್ದಾರಾ?”

“ಹೂಂ ಕಣೇ, ಬೈತಾಳೆ. ನಿಮ್ಮಮ್ಮ ಆಗಿನಿಂದ ಕೂಗ್ತಿದ್ದಾಳೆ, ಕಿವಿ ಕೇಳಲ್ವಾ, ಕೆಸರಲ್ಲಿ ಆಡಿಕೊಂಡು ಇರ್ತೀಯಾ, ಊಟ ಆರಿಹೋಗುತ್ತೆ, ಮನೆಗೆ ಹೋಗು ಅಂತಾಳೆ.”

ಬೈದು ಮುಗಿಸಿ ಮುದುಕಿ ಕಿಟಕಿಯ ಕಡೆ ನೋಡಿತು. ಮತ್ತೆ ತಿರುಗಿ, ಮರ್ಯಾದೆಯ ನಗೆ ನಕ್ಕು ಕೇಳಿತು: ಯಾರ ಮಗಳು ನೀನು?

ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು, ಮೊದಲ ಸಲ ಹೇಳುವವರಂತೆ ಹೇಳಿದರು. ಮುದುಕಿ ಮತ್ತೆ ಗುರುತು ಹಿಡಿಯಿತು, ಮತ್ತೆ ಬೆರಗಾಯಿತು, ಮತ್ತೆ ಗದರಿತು. ಮಧ್ಯಾಹ್ನವೆಲ್ಲ ಹೀಗೇ ನಡೆಯಿತು. ಒಂದೇ ಒಂದು ಸಲ ಕರೆಸಿಕೊಳ್ಳಲೆಂದು ಸಾಗರ ದಾಟಿ ಬಂದವರಿಗೆ, ಮರೆವು ಹೊಸಹೊಸದಾಗಿ ಬಡಿಸುತ್ತಲೇ ಇತ್ತು. ಸಾಕು ಎನ್ನುವವರೇ ಅಲ್ಲ ಅತ್ತಿಗೆ.

ಮರುದಿನ ನಾವು ಹೊರಡಬೇಕು. ಬಸ್ಸಿಗೆ ಮುಂಚೆ ಒಂದು ಸಲ ನೋಡಿಹೋಗೋಣ ಎಂದು ಬಂದೆವು. ಕೆಂಪು ಟೋಪಿಯವನು ಹೊರಗೆ ಕಾರಿನಲ್ಲಿ ಕಾಯುತ್ತಿದ್ದ. ಸಿಮೋನಮ್ಮ ಮಂಚದಲ್ಲಿದ್ದರು. ರಾತ್ರಿ ಜ್ವರ ಬಂದಿತ್ತು ಎಂದಳು ನರ್ಸು. ಅತ್ತಿಗೆ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡರು. ಮುದುಕಿ ಕಣ್ಣು ಬಿಟ್ಟಿತು. ಅತ್ತಿಗೆ ಪ್ರಶ್ನೆಗಾಗಿ ಮುಂದೆ ಬಗ್ಗಿದರು.

ಪ್ರಶ್ನೆ ಬರಲಿಲ್ಲ.

ಅತ್ತಿಗೆ ತಾವಾಗಿಯೇ ಮೂರೂ ಹೆಸರು ಹೇಳಿದರು. ಮುದುಕಿ ಪರಸ್ಥಳದವರ ಮಾತಿಗೆ ತಲೆದೂಗುವಂತೆ ತಲೆದೂಗಿ ಗೋಡೆಯ ಕಡೆಗೆ ಹೊರಳಿತು. ಅತ್ತಿಗೆ ಇನ್ನೊಮ್ಮೆ, ಇನ್ನೂ ಮೆಲ್ಲಗೆ ಹೇಳಿದರು. ಮುದುಕಿಯ ಬೆನ್ನು ಉಸಿರಿಗೆ ಏರಿಳಿಯುತ್ತಿತ್ತು, ಅಷ್ಟೇ.

ಹೊರಗೆ ಕಾರಿನ ಹಾರನ್ನು ಒಮ್ಮೆ ಕೇಳಿಸಿತು. ನಾನು ಚೀಲಗಳನ್ನು ಎತ್ತಿಕೊಂಡು ಬಾಗಿಲಿಗೆ ಬಂದು ತಿರುಗಿ ನೋಡಿದೆ. ಅತ್ತಿಗೆ ಏಳುವ ಲಕ್ಷಣವೇ ಇಲ್ಲ. “ಅತ್ತಿಗೆ,” ಎಂದೆ. ಕೇಳಿಸಲಿಲ್ಲ. ಮತ್ತೆ “ಅತ್ತಿಗೆ, ಬಸ್ಸು,” ಎಂದೆ. ಉಹೂಂ.

ಅಣ್ಣನ ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ಪದ್ಧತಿ ನಮ್ಮಲ್ಲಿಲ್ಲ. ಕರೆದಿದ್ದರೆ ಅಮ್ಮ ನನ್ನ ಬಾಯಿಗೆ ಬರೆ ಹಾಕುತ್ತಿದ್ದಳು. ಇಷ್ಟು ವರ್ಷ ಒಂದೇ ಸೂರಿನಡಿ ಉಂಡರೂ, ಶಾರದಾ ಎನ್ನುವುದೂ ನನ್ನ ನಾಲಿಗೆಯ ಮೇಲೆ ಬಂದದ್ದಿಲ್ಲ. ಮನಸ್ಸಿನಲ್ಲೇ ಅಮ್ಮನಿಗೆ ಕೈಮುಗಿದೆ. ಆಮೇಲೆ, ಅಂಗಳದ ತುದಿಯಲ್ಲಿ ನಿಂತು ಕೂಗುವವರ ಹಾಗೆ, ಕೊನೆಯ ಹೆಸರನ್ನು ಎಳೆದು, ಗಟ್ಟಿಯಾಗಿ ಕರೆದೆ:

“ತೆರೇಸ್! ತೆರೇಸ್ ಆ ಲ್ಯೂಸಿಯೆನ್ ಆ ಒನೆಜಿಮ್! ಬಾರೇ, ಹೊತ್ತಾಯ್ತು!”

ಅತ್ತಿಗೆ ಯಾರು ಕರೆದರೆಂದು ನೋಡಲಿಲ್ಲ. ಲಂಗಕ್ಕೆ ಮೆತ್ತಿದ ಮರಳು ಕೊಡವುವ ಹುಡುಗಿಯ ಹಾಗೆ ನೆರಿಗೆ ಕೊಡವಿಕೊಂಡು ಎದ್ದು, ತಮ್ಮೂರಿನ ಮಾತಿನಲ್ಲಿ, “ಬಂದೆ,” ಎಂದರು.